ಮೇಣದ ಅಂಗಿ ತೊಟ್ಟ ರೋಗಾಣು

ಹೋದ ವರ್ಷ ಅರಕಲಗೂಡಿನ ನಮ್ಮ ಚಿಕ್ಕಪ್ಪನಿಗೆ ಕ್ಷಯ ಎಂದು ಗೊತ್ತಾದಾಗ ಮನೆಯಲ್ಲಿ ಮೊದಲು ನಡೆದ ಕೆಲಸ ಅವರ ತಟ್ಟೆ, ಲೋಟ ಬೇರೆ ಮಾಡಿದ್ದು. ಎರಡನೆಯದು, ಯಾರಿಗೂ ಹೇಳಬಾರದು ಎಂದು ಮಕ್ಕಳ ಬಾಯಿ ಮುಚ್ಚಿಸಿದ್ದು. ಕ್ಷಯ ತಟ್ಟೆ ಲೋಟದಿಂದ ಹರಡುವುದಿಲ್ಲ, ರೋಗಿ ಕೆಮ್ಮಿದಾಗ ಗಾಳಿಗೆ ಸೇರುವ ಕಣಗಳಿಂದ ಹರಡುತ್ತದೆ ಎಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಜ್ಜಿಯ ಮನಸ್ಸಿನಲ್ಲಿ ಇದ್ದದ್ದು ಹಳೆಯ ಕಾಲ. ಕ್ಷಯ ಬಂದವರನ್ನು ಮೈಸೂರಿನ ಸ್ಯಾನಿಟೋರಿಯಂಗೆ ಕಳಿಸುತ್ತಿದ್ದ ಕಾಲ. ಆ ಆಸ್ಪತ್ರೆಗೆ ಇರುವುದು ಕ್ಷಯಕ್ಕೇ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರು. ಅರಮನೆಯನ್ನೂ ಬಿಡದ ಕಾಯಿಲೆ ಇದು.

ಕಫ ಪರೀಕ್ಷೆಗೆ ಚಿಕ್ಕಪ್ಪನ ಜೊತೆ ನಾನೇ ಹೋಗಿದ್ದೆ. ಪಿಯುಸಿ ಸೈನ್ಸ್ ಎಂದು ಹೇಳಿದ್ದಕ್ಕೆ ಲ್ಯಾಬಿನವರು ಸೂಕ್ಷ್ಮದರ್ಶಕದಲ್ಲಿ ನೋಡಲು ಬಿಟ್ಟರು. ನೀಲಿ ಹಿನ್ನೆಲೆಯಲ್ಲಿ ಅಲ್ಲಲ್ಲಿ ಸಣ್ಣ ಕೆಂಪು ಕಡ್ಡಿಗಳು. ಅವು ಮಾತ್ರ ಯಾಕೆ ಕೆಂಪು ಎಂದು ಕೇಳಿದೆ. "ಅದರ ಮೈತುಂಬ ಮೇಣ ಅಲ್ವಾ, ಆಸಿಡ್ ಹಾಕಿದ್ರೂ ಬಣ್ಣ ಬಿಡಲ್ಲ" ಎಂದರು. ಈ ಲೇಖನ ಹುಟ್ಟಿದ್ದು ಆ ಒಂದು ಮಾತಿನಿಂದ.

ಕ್ಷಯದ ಬ್ಯಾಕ್ಟೀರಿಯಾದ ಕೋಶಭಿತ್ತಿಯಲ್ಲಿ ಮೈಕೋಲಿಕ್ ಆಮ್ಲ ಎಂಬ ಕೊಬ್ಬು ಇದೆ. ನಮ್ಮ ಅಡುಗೆ ಎಣ್ಣೆಗಳಲ್ಲಿರುವ ಕೊಬ್ಬಿನಾಮ್ಲಗಳಲ್ಲಿ ಸಾಮಾನ್ಯವಾಗಿ 12ರಿಂದ 18 ಇಂಗಾಲದ ಪರಮಾಣುಗಳಿದ್ದರೆ ಇದರಲ್ಲಿ 70, 80, ಕೆಲವೊಮ್ಮೆ ಅದಕ್ಕೂ ಹೆಚ್ಚು. ಚಳಿಗಾಲದ ಬೆಳಿಗ್ಗೆ ನಮ್ಮ ಹಾಸನದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿರುತ್ತದಲ್ಲ, ಅದಕ್ಕಿಂತ ಎಷ್ಟೋ ಗಟ್ಟಿಯಾದ ಮೇಣ ಎಂದುಕೊಳ್ಳಿ. ಬಣ್ಣವನ್ನು ಬಿಸಿ ಮಾಡಿ ಒಮ್ಮೆ ಒಳಗೆ ತೂರಿಸಿದರೆ ಮತ್ತೆ ಹೊರಬರುವುದಿಲ್ಲ. ಎಷ್ಟೋ ಔಷಧಿಗಳೂ ಈ ಅಂಗಿಯನ್ನು ದಾಟಲಾರವು.

ಹಾಗಾದರೆ ನಮ್ಮ ದೇಹ ಇದನ್ನು ಗುರುತಿಸುವುದು ಹೇಗೆ? ತರಗತಿಯಲ್ಲಿ ನಾವು ಕಲಿತದ್ದು ಇಷ್ಟು: ರೋಗಾಣುವನ್ನು ನುಂಗಿದ ಕೋಶ ಅದರ ಪ್ರೋಟೀನನ್ನು ತುಂಡು ಮಾಡಿ, ಒಂದು ಅಣುವಿನ ಮೇಲಿಟ್ಟು ಹೊರಗೆ ತೋರಿಸುತ್ತದೆ, ಟಿ ಲಿಂಫೋಸೈಟ್ ಬಂದು ಮುಟ್ಟಿ ನೋಡುತ್ತದೆ. ಪ್ರೋಟೀನಿಗೆ ಇದು ಸರಿ. ಆದರೆ ಕೊಬ್ಬು ನೀರಿನಲ್ಲಿ ನಿಲ್ಲುವುದಿಲ್ಲ, ದೇಹವೋ ಬಹುಪಾಲು ನೀರು. ಹಾಗಾಗಿ ಟಿ ಕೋಶಗಳು ಪ್ರೋಟೀನನ್ನು ಮಾತ್ರ ಗುರುತಿಸುತ್ತವೆ ಎಂದೇ ಬಹುಕಾಲ ನಂಬಿದ್ದರು.

1994ರಲ್ಲಿ ಆ ನಂಬಿಕೆ ಮುರಿಯಿತು. ಅಮೆರಿಕದ ಬೋಸ್ಟನ್‌ನಲ್ಲಿ ಮೈಕೇಲ್ ಬ್ರೆನ್ನರ್, ಸ್ಟೀವನ್ ಪೋರ್ಸೆಲ್ಲಿ ಮತ್ತು ಸಂಗಡಿಗರು ಮನುಷ್ಯರ ಕೆಲವು ಟಿ ಕೋಶಗಳು ಇದೇ ಮೈಕೋಲಿಕ್ ಆಮ್ಲವನ್ನು ಗುರುತಿಸುತ್ತವೆ ಎಂದು ತೋರಿಸಿದರು. ಅದನ್ನು ಎತ್ತಿ ತೋರಿಸುವ ಅಣುವಿನ ಹೆಸರು ಸಿಡಿ1ಬಿ. ಇದರ ರಚನೆ ನನಗೆ ಬಹಳ ಇಷ್ಟವಾಯಿತು. ಪ್ರೋಟೀನ್ ತುಂಡು ಕೂರುವ ಅಣುವಿನಲ್ಲಿ ಮೇಲ್ಗಡೆ ತೆರೆದ ಕಾಲುವೆಯಂಥ ಜಾಗ ಇರುತ್ತದೆ. ಸಿಡಿ1ರಲ್ಲಿ ಇರುವುದು ಆಳವಾದ ಬಿಲ. ಬಿಲದ ಒಳಗೋಡೆ ನೀರನ್ನು ದೂರವಿಡುವಂಥದ್ದು, ಆದ್ದರಿಂದ ಕೊಬ್ಬಿನ ಉದ್ದ ಬಾಲ ಸುಖವಾಗಿ ಒಳಗೆ ಇಳಿಯುತ್ತದೆ. ನೀರನ್ನು ಒಪ್ಪುವ ತಲೆ ಮಾತ್ರ ಹೊರಗೆ ಉಳಿಯುತ್ತದೆ. ಟಿ ಕೋಶ ಮುಟ್ಟಿ ನೋಡುವುದು ಆ ತಲೆಯನ್ನು. ಸಿಡಿ1ಬಿಯಲ್ಲಿ ಬಿಲಗಳು ಒಂದಕ್ಕೊಂದು ಕೂಡಿಕೊಂಡು ಸುರಂಗವಾಗಿರುವುದರಿಂದ ಅಷ್ಟುದ್ದದ ಬಾಲಕ್ಕೂ ಜಾಗ ಸಿಗುತ್ತದೆ.

ಈ ಬಿಲಗಳು ಖಾಲಿ ಬಿದ್ದಿರುವುದಿಲ್ಲ. ಸಾಮಾನ್ಯ ದಿನಗಳಲ್ಲಿ ನಮ್ಮದೇ ದೇಹದ ಕೊಬ್ಬು ಅಲ್ಲಿ ಕೂತಿರುತ್ತದೆ. ಚರ್ಮದಲ್ಲಿ ಹೆಚ್ಚಾಗಿರುವ ಸಿಡಿ1ಎ ಎಂಬ ಅಣ್ಣತಮ್ಮ ಅಣುವಿನ ಕಥೆ ಇನ್ನೂ ವಿಚಿತ್ರ. ಚರ್ಮದ ಜಿಡ್ಡಿನಲ್ಲಿರುವ ಸ್ಕ್ವಾಲೀನ್‌ನಂಥ ಎಣ್ಣೆಗಳಿಗೆ ತಲೆಯೇ ಇಲ್ಲ. ಅವು ಪೂರ್ತಿಯಾಗಿ ಬಿಲದೊಳಗೆ ಸೇರಿಬಿಡುತ್ತವೆ, ಟಿ ಕೋಶ ನೇರವಾಗಿ ಸಿಡಿ1ಎಯನ್ನೇ ಮುಟ್ಟಿ ಎಚ್ಚರಗೊಳ್ಳುತ್ತದೆ. ಅಮೆರಿಕದ ಪಾಯ್ಸನ್ ಐವಿ ಗಿಡ ಮುಟ್ಟಿದವರ ಮೈ ಬೊಬ್ಬೆ ಏಳುವುದಕ್ಕೆ ಕಾರಣವಾದ ಉರುಶಿಯಾಲ್ ಎಂಬ ಎಣ್ಣೆಯೂ ಸಿಡಿ1ಎ ಮೂಲಕ ಟಿ ಕೋಶಗಳನ್ನು ಕೆರಳಿಸುತ್ತದೆ ಎಂದು 2016ರಲ್ಲಿ ಪ್ರಕಟವಾಯಿತು. ಆ ಗಿಡ ನಮ್ಮ ಮಾವು, ಗೋಡಂಬಿಯ ಕುಟುಂಬದ್ದೇ. ಕಾಯಿ ಕೀಳುವಾಗ ಸೊನೆ ತಾಗಿ ತುಟಿ ಸುಟ್ಟುಕೊಂಡವರಿಗೆ ಆ ಕುಟುಂಬದ ಪರಿಚಯ ಬೇರೆ ಹೇಳಬೇಕಿಲ್ಲ.

ಮತ್ತೆ ಕ್ಷಯಕ್ಕೆ ಬರುತ್ತೇನೆ. ಪ್ರೋಟೀನ್ ತೋರಿಸುವ ಎಚ್‌ಎಲ್‌ಎ ಅಣುಗಳು ಮನುಷ್ಯರಿಂದ ಮನುಷ್ಯರಿಗೆ ಬಹಳ ಬೇರೆ. ಅಂಗ ಕಸಿ ಮಾಡುವಾಗ ಹೊಂದಾಣಿಕೆ ನೋಡುವುದು ಅದಕ್ಕಾಗಿಯೇ. ಸಿಡಿ1 ಅಣುಗಳು ಹಾಗಲ್ಲ. ಹೊಳೆನರಸೀಪುರದವರಿಗೂ ಜಪಾನಿನವರಿಗೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಕೊಬ್ಬನ್ನೇ ಬಳಸಿ ಲಸಿಕೆ ಮಾಡಿದರೆ ಎಲ್ಲರಿಗೂ ಒಂದೇ ರೀತಿ ಕೆಲಸ ಮಾಡಬಹುದು ಎಂಬ ಆಸೆ ಸಂಶೋಧಕರಿಗಿದೆ. ಅಡ್ಡಿಯೂ ಇದೆ. ಪ್ರಯೋಗಶಾಲೆಯ ಇಲಿಗಳಲ್ಲಿ ಸಿಡಿ1ಎ, ಸಿಡಿ1ಬಿ, ಸಿಡಿ1ಸಿ ಇಲ್ಲವೇ ಇಲ್ಲ, ಇರುವುದು ಸಿಡಿ1ಡಿ ಒಂದೇ. ಆದ್ದರಿಂದ ಗಿನಿಯಿಲಿಯನ್ನು ಬಳಸಬೇಕು, ಇಲ್ಲವೇ ಮನುಷ್ಯರ ಜೀನ್ ಸೇರಿಸಿದ ಇಲಿಯನ್ನು.

ಲಸಿಕೆ ಬರುವಾಗ ಬರಲಿ, ಆ ಮೇಣದ ಮೇಲೆ ದಾಳಿ ಮಾಡುವ ಮಾತ್ರೆ ಈಗಾಗಲೇ ಇದೆ. ಚಿಕ್ಕಪ್ಪ ಆರು ತಿಂಗಳು ನುಂಗಿದ ಔಷಧಿಗಳಲ್ಲಿ ಒಂದಾದ ಐಸೋನಿಯಾಜಿಡ್ ಮೈಕೋಲಿಕ್ ಆಮ್ಲ ತಯಾರಾಗುವುದನ್ನೇ ತಡೆಯುತ್ತದೆ. ಕೆಮ್ಮು ಎರಡೇ ತಿಂಗಳಿಗೆ ನಿಂತಿತ್ತು. ಅಷ್ಟಕ್ಕೇ ಮಾತ್ರೆ ಬಿಡುವವರು ಬಹಳ, ಚಿಕ್ಕಪ್ಪನೂ ಬಿಡುವ ಹಂತದಲ್ಲಿದ್ದರು. ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತೆ ಬೆಳೆಯಬಹುದು. ಅಷ್ಟರಲ್ಲಿ ರಂಜಾನ್ ಬಂತು. ರೋಜಾ ಹಿಡಿಯಲೇಬೇಕೆಂದು ಅವರ ಹಠ. ಡಾಕ್ಟರು ಬೇಡ ಎಂದಿದ್ದರು. ಕಾಯಿಲೆಯವರಿಗೆ ರಿಯಾಯಿತಿ ಇದೆ, ಗುಣವಾದ ಮೇಲೆ ಖಜಾ ಹಿಡಿಯಿರಿ ಎಂದು ಇಮಾಮ್ ಸಾಹೇಬರು ಹೇಳಿದ ಮೇಲೆಯೇ ಒಪ್ಪಿದ್ದು.

ಕೊನೆಯ ಪರೀಕ್ಷೆಯ ದಿನವೂ ಜೊತೆಗೆ ಹೋಗಿದ್ದೆ. ಸ್ಲೈಡನ್ನು ಅತ್ತಿತ್ತ ಸರಿಸಿ ತುಂಬ ಹೊತ್ತು ನೋಡಿದೆ. ಎಲ್ಲ ನೀಲಿ.