ಬಣ್ಣ ಹೇಳದ ಬಂಧುತ್ವ: ಪಾಚಿಗಳ ವರ್ಗೀಕರಣದ ಕಥೆ

1753ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನ್ನೇಯಸ್ ಹೂವಿನ ಕೇಸರಗಳನ್ನು ಎಣಿಸಿ ಸಸ್ಯಲೋಕವನ್ನು 24 ವರ್ಗಗಳಾಗಿ ಹಂಚಿದರು. ಹೂವೇ ಕಾಣದವೆಲ್ಲ ಕೊನೆಯ ವರ್ಗಕ್ಕೆ ಹೋದವು. ಪಾಚಿಗಳಿಗೆ ಅಲ್ಲಿ ಜಾಗ ಸಿಕ್ಕಿತು. ಅದೇ ಗುಂಪಿನಲ್ಲಿ ಕಲ್ಲುಹೂವಿನಂಥ ಜೀವಿಗಳೂ ಸೇರಿಕೊಂಡಿದ್ದವು.

ಕ್ರಮ ತಂದದ್ದು ಬಣ್ಣ. ಐರ್ಲೆಂಡಿನ ವಿಲಿಯಂ ಹೆನ್ರಿ ಹಾರ್ವೆ 1836ರಲ್ಲಿ ಕೆಂಪು, ಕಂದು, ಹಸಿರು ಪಾಚಿಗಳನ್ನು ಬೇರ್ಪಡಿಸಿ, ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳನ್ನು ಪ್ರತ್ಯೇಕವಾಗಿಟ್ಟರು. ಬರಿಗಣ್ಣಿನ ಈ ಗುರುತು ಇಷ್ಟು ಕಾಲ ಬಾಳಿದ್ದಕ್ಕೆ ಕಾರಣ, ಅದರ ಹಿಂದೆ ವರ್ಣದ್ರವ್ಯಗಳ ನಿಜವಾದ ವ್ಯತ್ಯಾಸವಿತ್ತು. ಲಂಡನ್ನಿನ ಎಫ್.ಇ. ಫ್ರಿಟ್ಷ್ 1935ರಲ್ಲಿ ಬಣ್ಣದ ಜೊತೆಗೆ ಕೂಡಿಟ್ಟ ಆಹಾರ, ಈಜುವ ಕಶಾಂಗಗಳನ್ನೂ ನೋಡಿ 11 ವರ್ಗ ಮಾಡಿದರು. ನಮ್ಮ ಬಿ.ಎಸ್ಸಿ. ವಿದ್ಯಾರ್ಥಿಗಳು ಕಂಠಪಾಠ ಮಾಡಿದ್ದು ಇದನ್ನೇ. ಫ್ರಿಟ್ಷ್ ಜೊತೆ ಕೆಲಸ ಮಾಡಿದ ಮದರಾಸಿನ ಎಂ.ಒ.ಪಿ. ಅಯ್ಯಂಗಾರ್, ಒದ್ದೆ ಮಣ್ಣಿನ ಮೇಲೆ ಬೆಳೆಯುವ ಹಸಿರು ಪಾಚಿಯೊಂದಕ್ಕೆ ಫ್ರಿಟ್ಷಿಯೆಲ್ಲಾ ಎಂದು ಹೆಸರಿಟ್ಟರು.

ಪಾಚಿಗಳ ಪಟ್ಟಿಯಿಂದ ಮೊದಲು ಕೈಬಿಟ್ಟದ್ದು ನೀಲಿ-ಹಸಿರು ಪಾಚಿಯನ್ನು. ಅದಕ್ಕೆ ಕೋಶಕೇಂದ್ರವೇ ಇಲ್ಲ. 1962ರಲ್ಲಿ ಸೂಕ್ಷ್ಮಜೀವಿ ವಿಜ್ಞಾನಿಗಳಾದ ಸ್ಟೇನಿಯರ್ ಮತ್ತು ವಾನ್ ನೀಲ್ ಅದನ್ನು ಬ್ಯಾಕ್ಟೀರಿಯಾಗಳ ಸಾಲಿಗೆ ಸೇರಿಸಿದರು. ಐದು ವರ್ಷದ ನಂತರ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್, ಗಿಡ ಮತ್ತು ಪಾಚಿಗಳ ಒಳಗಿನ ಹರಿತ್ಕಣವೇ ಒಂದು ಕಾಲದಲ್ಲಿ ಇಂಥ ಸ್ವತಂತ್ರ ಜೀವಿಯಾಗಿತ್ತು ಎಂದು ವಾದಿಸಿದರು. ಬೇರೊಂದು ಕೋಶ ಅದನ್ನು ನುಂಗಿ, ಅರಗಿಸದೆ ಉಳಿಸಿಕೊಂಡಿತ್ತು.

ನನಗೆ ಅತ್ಯಂತ ರೋಚಕವೆನಿಸುವುದು ಎರಡನೇ ನುಂಗಾಟ. ಹಸಿರು ಪಾಚಿಯ ಹರಿತ್ಕಣಕ್ಕೆ 2 ಪೊರೆ, ಕಂದು ಪಾಚಿಯದಕ್ಕೆ 4. ಆ ಹೆಚ್ಚಿನ ಪೊರೆಗಳು ನುಂಗಾಟದ ಗುರುತು: ಕಂದು ಪಾಚಿಯ ಪೂರ್ವಜರು ತಮ್ಮ ಹರಿತ್ಕಣವನ್ನು ಪಡೆದದ್ದು ಕೆಂಪು ಪಾಚಿಯಿಂದ. ಕ್ರಿಪ್ಟೊಮೊನಾಡ್ ಎಂಬ ಸೂಕ್ಷ್ಮಜೀವಿಗಳಲ್ಲಂತೂ ನುಂಗಿದ ಕೆಂಪು ಪಾಚಿಯ ಕೋಶಕೇಂದ್ರ ಕುಗ್ಗಿಹೋಗಿ ಇಂದಿಗೂ ಪೊರೆಗಳ ನಡುವೆ ಕುಳಿತಿದೆ.

ಅಂದರೆ ಬಣ್ಣ ಎರವಲು ಬಂದದ್ದು. ಅದರಿಂದ ಕುಲ ತಿಳಿಯದು. ಡಿಎನ್‌ಎ ಓದಿದ ಮೇಲೆ ‘ಪಾಚಿ’ ಎಂಬ ಒಂದೇ ವಂಶ ಉಳಿಯಲಿಲ್ಲ. ಹಸಿರು ಪಾಚಿ ಭತ್ತ, ಮಾವುಗಳ ನೆಂಟ. ಕಂದು ಪಾಚಿಯ ದಾಯಾದಿ ಮಲೆನಾಡಿನ ಅಡಿಕೆ ತೋಟದಲ್ಲಿದೆ: ಕೊಳೆರೋಗ ತರುವ ಫೈಟಾಫ್ತೊರಾ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1910ರಲ್ಲಿ ಅದನ್ನು ವಿವರಿಸಿದಾಗ ಎಲ್ಲರಿಗೂ ಅದು ಶಿಲೀಂಧ್ರವೇ. ಆದರೆ ಮಳೆನೀರಲ್ಲಿ ಈಜುವ ಅದರ ಬೀಜಕಕ್ಕೆ ಎರಡು ಕಶಾಂಗ. ಒಂದು ನುಣುಪು, ಇನ್ನೊಂದಕ್ಕೆ ಸೂಕ್ಷ್ಮ ರೋಮಗಳ ಸಾಲು. ಕಂದು ಪಾಚಿಯ ಈಜುವ ಬೀಜಕಕ್ಕೂ ಅದೇ ಜೋಡಿ ಇದೆ.