ಇಂಗ್ಲಿಷ್ ಮಾಸ್ತರಿಕೆ ಪರದೇಶದಲ್ಲಿ, ತಾಲೀಮು ಹೊನವಾಡದಲ್ಲಿ!

"ಬಿ.ಎಡ್. ಮುಗಿಯೂದರಾಗ ಪಾಸ್‌ಪೋರ್ಟ್ ಮಾಡಿಸಿ ಇಡಪಾ. ಹೊರದೇಶದಾಗ ಇಂಗ್ಲಿಷ್ ಮಾಸ್ತರಿಗೆ ಭಾರಿ ಕಿಮ್ಮತ್ತೈತಿ!"

ಈ ಉಪದೇಶ ವಿಜಯಪುರದ ಕಾಲೇಜು ಕಟ್ಟೆಯಿಂದ ಹೊರಟು ತಿಕೋಟಾ, ಹೊನವಾಡದ ಚಹಾದಂಗಡಿಗಳವರೆಗೆ ಬಂದು ಮುಟ್ಟಿದೆ. ಹೇಳುವವರಿಗೆ ಖರ್ಚಿಲ್ಲ. ಕೇಳುವ ಹುಡುಗರ ಮನೆಯಲ್ಲಿ ಮಾತ್ರ ಲೆಕ್ಕ ಶುರುವಾಗುತ್ತದೆ. ಹೊಲದ ಮೇಲೆ ಸಾಲ ತೆಗೆಯುವುದೋ, ತಾಯಿಯ ಕೊರಳಲ್ಲಿದ್ದದ್ದನ್ನು ಒತ್ತೆ ಇಡುವುದೋ? ಆದ್ದರಿಂದ ಈ ಪರದೇಶದ ಮಾಸ್ತರಿಕೆ ಅಂದರೆ ಏನು, ಅದಕ್ಕೆ ಬೇಕಾದದ್ದು ಏನು ಎಂದು ಸ್ವಲ್ಪ ಬಿಚ್ಚಿ ನೋಡುವುದು ಒಳ್ಳೆಯದು.

ಮೊದಲಿಗೆ ಒಂದು ಮಾತು. ಇದೇನೂ ಹೊಸ ಸುದ್ದಿಯಲ್ಲ. ನಮ್ಮ ದೇಶದ ಮಾಸ್ತರರು ಎಪ್ಪತ್ತು ವರ್ಷಗಳ ಹಿಂದೆಯೇ ಹಡಗು, ವಿಮಾನ ಹತ್ತಿ ಇಥಿಯೋಪಿಯಾಕ್ಕೆ ಹೋಗಿದ್ದರು. ಹಳಬರು ಅಬಿಸೀನಿಯಾ ಎನ್ನುತ್ತಿದ್ದ ದೇಶ ಅದು. 1936ರಿಂದ 1941ರವರೆಗೆ ಇಟಲಿಯವರು ಅದನ್ನು ಹಿಡಿದಿದ್ದರು. ಅವರು ತೊಲಗಿದ ಮೇಲೆ ಚಕ್ರವರ್ತಿ ಹೈಲೆ ಸೆಲಾಸಿ ಶಾಲೆಗಳನ್ನು ಮತ್ತೆ ತೆರೆದರು. ಹೈಸ್ಕೂಲಿನ ಪಾಠ ಇಂಗ್ಲಿಷಿನಲ್ಲಿ ಎಂದಾಯಿತು. ಕಲಿಸುವವರು ಎಲ್ಲಿ? ಭಾರತದಿಂದ, ಅದರಲ್ಲೂ ಕೇರಳದಿಂದ, ಮಾಸ್ತರರು ಹೊರಟರು. 1956ರಲ್ಲಿ ಚಕ್ರವರ್ತಿ ತಾವೇ ಭಾರತಕ್ಕೆ ಬಂದು ಹೋದರು. 1974ರಲ್ಲಿ ಅವರ ಸಿಂಹಾಸನ ಉರುಳುವ ಹೊತ್ತಿಗೆ ಆ ದೇಶದ ದೂರದೂರದ ಊರುಗಳ ಹೈಸ್ಕೂಲುಗಳಲ್ಲೂ ಭಾರತದ ಮಾಸ್ತರರಿದ್ದರು.

ಬಿಜಾಪುರದವರಿಗೆ ಇದರಲ್ಲಿ ಒಂದು ಸೋಜಿಗವಿದೆ. ಅದೇ ನಾಡಿನ ಹಬಶಿಗಳು ಆದಿಲಶಾಹಿ ಕಾಲದಲ್ಲಿ ಇಲ್ಲಿಗೆ ಬಂದು ದೊಡ್ಡ ದೊಡ್ಡ ಪದವಿಗೇರಿದರು. ಗೋಳಗುಮ್ಮಟದ ಮಹಮ್ಮದ ಆದಿಲಶಾಹನ ಮಂತ್ರಿ ಇಖ್ಲಾಸ್ ಖಾನ್ ಹಬಶಿಯೇ. ಅಷ್ಟೇಕೆ, ನಾವು ರೊಟ್ಟಿ ಬಡಿಯುವ ಜೋಳದ ತವರು ಕೂಡ ಆಫ್ರಿಕಾದ ಆ ಈಶಾನ್ಯ ಭಾಗವೇ. ಅಲ್ಲಿಂದ ಇಲ್ಲಿಗೆ ಜೋಳ ಬಂತು, ಮಂತ್ರಿಗಳು ಬಂದರು. ಇಲ್ಲಿಂದ ಅಲ್ಲಿಗೆ ಇಂಗ್ಲಿಷ್ ಮಾಸ್ತರರು ಹೋದರು. ಲೇವಾದೇವಿ ಚುಕ್ತಾ!

ಗಡಿಯಾರದ ಪೇಚಾಟ

ಅಲ್ಲಿಗೆ ಹೊಸದಾಗಿ ಹೋದ ಮಾಸ್ತರನ ಪಾಡು ನೋಡಿ. ಇಂಗ್ಲಿಷಿನ ಮೊದಲ ಪಾಠಗಳಲ್ಲಿ ಒಂದು, 'ವಾಟ್ ಈಸ್ ದ ಟೈಮ್?' ಬೆಳಗಿನ ಎಂಟು ಗಂಟೆಗೆ ಇದನ್ನು ಕೇಳಿದರೆ ಹುಡುಗ 'ಟೂ ಓ ಕ್ಲಾಕ್' ಎಂದಾನು. ಹುಡುಗ ದಡ್ಡನೇ? ಅಲ್ಲ. ಇಥಿಯೋಪಿಯಾದಲ್ಲಿ ಹಗಲಿನ ಎಣಿಕೆ ನಮ್ಮ ಆರು ಗಂಟೆಯಿಂದ ಶುರು. ನಮ್ಮ ಏಳು ಅವರಿಗೆ ಒಂದು, ನಮ್ಮ ಎಂಟು ಅವರಿಗೆ ಎರಡು. ವರ್ಷಕ್ಕೂ ಅವರಲ್ಲಿ ಹದಿಮೂರು ತಿಂಗಳು. ಹನ್ನೆರಡು ತಿಂಗಳಿಗೆ ಮೂವತ್ತು ಮೂವತ್ತು ದಿನ, ಕೊನೆಯದಕ್ಕೆ ಐದೋ ಆರೋ ದಿನ. ಹೊಸ ವರ್ಷ ಬರುವುದು ಸೆಪ್ಟೆಂಬರಿನಲ್ಲಿ. ಅವರ ಅಮ್ಹಾರಿಕ್ ಲಿಪಿಯಲ್ಲಿ ಪ್ರತಿ ಅಕ್ಷರಕ್ಕೂ ಸ್ವರ ಕೂಡಿ ಏಳು ರೂಪ, ಹೆಚ್ಚುಕಡಿಮೆ ನಮ್ಮ ಕಾಗುಣಿತದ ಹಾಗೆ.

ಇದನ್ನೆಲ್ಲ ತಿಳಿದುಕೊಂಡ ಮಾಸ್ತರ ಹುಡುಗನನ್ನು ಬಯ್ಯುವುದಿಲ್ಲ. "ನಿನ್ನ ಎರಡು ನನ್ನ ಎಂಟು, ಬಾ ಕೂಡಿಸೋಣ" ಎನ್ನುತ್ತಾನೆ. ತಿಳಿಯದವನು ಛಡಿ ಹಿಡಿಯುತ್ತಾನೆ. ಪರದೇಶದಲ್ಲಿ ಇಂಗ್ಲಿಷ್ ಕಲಿಸುವ ಗುಟ್ಟೆಲ್ಲ ಇಷ್ಟೇ: ಮಕ್ಕಳ ಗಡಿಯಾರವನ್ನು ಮೊದಲು ಮಾಸ್ತರ ಕಲಿಯಬೇಕು.

ಹಾಗಾದರೆ ಹೊನವಾಡ? ಮಹಾರಾಷ್ಟ್ರದ ಜತ್ತ ತಾಲೂಕಿಗೆ ಹತ್ತಿರದ ಊರು. ಇಲ್ಲಿಯ ಮಗು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಕೇಳುತ್ತದೆ. ತಾಂಡಾದ ಮಗು ಲಂಬಾಣಿ ಆಡುತ್ತದೆ, ಮತ್ತೊಂದು ಮನೆಯ ಮಗು ಉರ್ದು. ಇಂಗ್ಲಿಷು ಮೂರನೆಯದೋ ನಾಲ್ಕನೆಯದೋ ಭಾಷೆ. ಶಾಲೆಯ ಗೇಟು ದಾಟಿದರೆ ಆಡಲು ಯಾರೂ ಇಲ್ಲ. 'ಸ್ಕೂಲು' ನಾಲಿಗೆಗೆ ಬರುವಾಗ 'ಇಸ್ಕೂಲು' ಆಗುತ್ತದೆ. "ನನಗ ಜ್ವರ ಬಂದೈತಿ" ಎಂಬುದು 'ಟು ಮಿ ಫೀವರ್ ಕಮ್' ಆಗುತ್ತದೆ. ಇದು ತಪ್ಪಲ್ಲವೇ? ತಪ್ಪೇ. ಆದರೆ ಅದರ ಹಿಂದೆ ಕನ್ನಡದ ಲೆಕ್ಕವಿದೆ, ಇಥಿಯೋಪಿಯಾದ ಹುಡುಗನ ಎರಡು ಗಂಟೆಯ ಹಾಗೆ. ಇದನ್ನು ಹೊನವಾಡದಲ್ಲಿ ಹಿಡಿಯಲು ಬಾರದವನು ಪರದೇಶದಲ್ಲಿ ಏನು ಹಿಡಿದಾನು?

ಬೆಂಗಳೂರಿನ ಪಾಠ, ಜಗತ್ತಿಗೆಲ್ಲ

ನಮ್ಮ ಬಿ.ಎಡ್. ಹುಡುಗರು ಮರೆಯಬಾರದ ಇನ್ನೊಂದು ಸಂಗತಿಯಿದೆ. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಎನ್. ಎಸ್. ಪ್ರಭು ಎಂಬ ವಿದ್ವಾಂಸರು ಒಂದು ಪ್ರಯೋಗ ನಡೆಸಿದರು. ಜಗತ್ತಿನಲ್ಲೆಲ್ಲ ಅದಕ್ಕೆ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರು. ವ್ಯಾಕರಣದ ಸೂತ್ರ ಉರುಹೊಡೆಸುವುದನ್ನು ಅವರು ಬದಿಗಿಟ್ಟರು. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಇಂಥವನ್ನು ಇಟ್ಟರು. ಇಂಥ ರೈಲು ಎಷ್ಟಕ್ಕೆ ಬಿಡುತ್ತದೆ, ಯಾವುದು ಬೇಗ ಮುಟ್ಟುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮೊದಲು ಇಡೀ ವರ್ಗದ ಜೊತೆ ಒಂದು ಲೆಕ್ಕ ಬಿಡಿಸುವುದು, ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳಿಗೇ ಬಿಡುವುದು. ಹುಡುಗರ ಲಕ್ಷ್ಯ ಉತ್ತರದ ಮೇಲೆ, ಇಂಗ್ಲಿಷು ತಾನಾಗಿ ಒಳಗೆ ಇಳಿಯಬೇಕು. 1987ರಲ್ಲಿ ಪ್ರಭು ಅವರ ಪುಸ್ತಕ ಹೊರಬಂತು. ಇಂದು ಯಾವ ದೇಶದಲ್ಲಿ ಇಂಗ್ಲಿಷ್ ಮಾಸ್ತರಿಕೆಯ ತರಬೇತಿ ಪಡೆದರೂ ಈ ಹೆಸರು ಕೇಳಿಬರುತ್ತದೆ.

ಅಂದರೆ ನಮ್ಮ ಪಕ್ಕದ ಶಾಲೆಯಲ್ಲಿ ಹುಟ್ಟಿದ್ದನ್ನು ಪರದೇಶದವರು ಕಲಿತರು. ನಾವು ಮಾತ್ರ ಇನ್ನೂ ಗೈಡು ಬಾಯಿಪಾಠ ಮಾಡಿಸುತ್ತ ಕುಳಿತಿದ್ದೇವೆ!

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ಇಯತ್ತೆಗೇ ಇಂಗ್ಲಿಷ್ ಬಂದಿದೆ. 2015ರಲ್ಲಿ ಬಿ.ಎಡ್. ಎರಡು ವರ್ಷವಾದಾಗ ಶಾಲೆಯಲ್ಲಿ ಪಾಠ ಮಾಡಿ ಪಳಗಲು 20 ವಾರ ಮೀಸಲಿಟ್ಟರು. ಇಪ್ಪತ್ತು ವಾರವೆಂದರೆ ಸಣ್ಣ ಹೊತ್ತಲ್ಲ. ಪಾಠ ಟಿಪ್ಪಣಿ ಬರೆದು, ಬಣ್ಣದ ಚಾರ್ಟು ಅಂಟಿಸಿ, ಸಹಿ ಹಾಕಿಸಿಕೊಂಡರೆ ಅದು ಹಾಗೇ ಕಳೆದುಹೋಗುತ್ತದೆ. ಬಸ್ಸಿನ ವೇಳೆ, ಟಿಕೆಟ್ಟಿನ ದರ, ದ್ರಾಕ್ಷಿ ಬಾಕ್ಸಿನ ತೂಕ, ಬಿಸ್ಕೀಟು ಪೊಟ್ಟಣದ ಮೇಲಿನ ಬೆಲೆ ಇವನ್ನೇ ಪಾಠ ಮಾಡಿದರೆ ಮಾಸ್ತರನೂ ಪಳಗಿದ, ಮಕ್ಕಳೂ ಕಲಿತರು.

ಏಜೆಂಟರ ಸಂಗತಿ

ಇಷ್ಟಾದ ಮೇಲೂ ಹೋಗುವವರು ಹೋಗಲಿ, ಬೇಡ ಅನ್ನುವವರು ನಾವ್ಯಾರು? ಭೂತಾನ 1960ರ ದಶಕದಲ್ಲಿ ಶಾಲೆಗಳನ್ನು ಹಿಂದಿಯಿಂದ ಇಂಗ್ಲಿಷಿಗೆ ತಿರುಗಿಸಿದಾಗ ನೆಚ್ಚಿದ್ದು ಭಾರತದ ಮಾಸ್ತರರನ್ನೇ. ಮಾಲ್ದೀವಿನ ಶಾಲೆಗಳಲ್ಲೂ ನಮ್ಮವರು ಕಲಿಸಿದ್ದಾರೆ. ಆದರೆ ಎಲ್ಲ ಬಾಗಿಲೂ ತೆರೆದಿಲ್ಲ. ದಕ್ಷಿಣ ಕೊರಿಯಾದಂಥ ದೇಶ ಇಂಗ್ಲಿಷ್ ಕಲಿಸುವ ವೀಸಾವನ್ನು ಇಂಗ್ಲಂಡು, ಅಮೇರಿಕಾ ಮೊದಲಾದ ಏಳು ದೇಶಗಳವರಿಗೇ ಕಟ್ಟಿಟ್ಟಿತ್ತು. 2010ರಲ್ಲಿ ಜಾರಿಗೆ ಬಂದ ವ್ಯಾಪಾರದ ಒಪ್ಪಂದದಿಂದ ಭಾರತದ ಅರ್ಹ ಶಿಕ್ಷಕರಿಗೂ ಒಂದು ಸಂದಿ ತೆರೆಯಿತು. ಅಲ್ಲಿಯೂ ಕೇಳುವುದು ಶಿಕ್ಷಕರ ಅರ್ಹತೆಯನ್ನೇ, ಬರೀ ಪಾಸ್‌ಪೋರ್ಟನ್ನಲ್ಲ.

ಏಜೆಂಟ ಬಂದು "ರೊಕ್ಕ ಕೊಡ್ರಿ, ಮುಂದಿನ ತಿಂಗಳ ವಿಮಾನ" ಎಂದರೆ ಮೂರು ಪ್ರಶ್ನೆ ಕೇಳಬೇಕು. ಒಂದು, 1983ರ ವಲಸೆ ಕಾಯದೆಯ ಪ್ರಕಾರ ನಿಮ್ಮ ನೋಂದಣಿ ನಂಬರು ಏನು? ಕೇಂದ್ರ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಅದನ್ನು ತಾಳೆ ನೋಡಬಹುದು. ಎರಡು, ರಸೀದಿ ಕೊಡುತ್ತೀರಾ? ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿ.ಎಸ್.ಟಿ. ದಾಟಬಾರದೆಂದು ವಿದೇಶಾಂಗ ಖಾತೆ 2023ರಲ್ಲಿ ಸಾರಿ ಹೇಳಿದೆ. ಮೂರು, ಇದು ಕೆಲಸದ ವೀಸಾವೋ, ಪ್ರವಾಸದ ವೀಸಾವೋ? ಪ್ರವಾಸದ ವೀಸಾದ ಮೇಲೆ ಪಾಠ ಹೇಳಲು ಹೋದವನು ಪಾಠ ಕಲಿತು ಬರುತ್ತಾನೆ. ಮೂರಕ್ಕೂ ನೆಟ್ಟಗೆ ಉತ್ತರ ಬರದಿದ್ದರೆ ಚಹಾ ಕುಡಿಸಿ ಕಳಿಸಿಬಿಡಿ.

ಅಂಗಡಿಕಾರರಲ್ಲಿಯೂ ಒಂದು ವಿನಂತಿ. ಸಾಬೂನು, ಬಿಸ್ಕೀಟು, ಬೀಜ-ಗೊಬ್ಬರದ ಪೊಟ್ಟಣಗಳ ಮೇಲೆ ಬೆಲೆ, ತೂಕ, ತಾರೀಖು ಎಲ್ಲ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ತಿನಿಸು, ಸಾಬೂನಿನ ಖಾಲಿ ಪೊಟ್ಟಣಗಳನ್ನು ಒಲೆಗೆ ಹಾಕುವ ಬದಲು ಪಕ್ಕದ ಶಾಲೆಗೆ ಕೊಡಿ (ಔಷಧಿ-ಗೊಬ್ಬರದ್ದು ಬೇಡ, ಅದು ಮಕ್ಕಳ ಕೈಗೆ ಸಲ್ಲದು). ತರಬೇತಿಗೆ ಬಂದ ಹುಡುಗ ಅವನ್ನೇ ಹಿಡಿದು ಒಂದು ವಾರ ಪಾಠ ಮಾಡಬಹುದು. ಬಸ್ಸಿಗೆ ಕಾಯುವ ಹಿರಿಯರು, ಕೈಯಲ್ಲಿ ಇಂಗ್ಲಿಷ್ ಪುಸ್ತಕ ಹಿಡಿದ ಮಗುವನ್ನು ಕಂಡರೆ "ಏನ್ ಕಲ್ತಿಯವ್ವಾ ಇವತ್ತ?" ಎಂದು ಕೇಳಿ. ತಪ್ಪು ಹೇಳಿದರೆ ನಗಬೇಡಿ. ಒಮ್ಮೆ ನಕ್ಕರೆ ಆ ಬಾಯಿ ಮತ್ತೆ ತೆರೆಯುವುದು ಕಷ್ಟ.

ಪರದೇಶದ ವೀಸಾ ಇಂದು ಬರಬಹುದು, ಬರುವ ವರ್ಷ ಬರಬಹುದು. ಹೊನವಾಡದ ಮಕ್ಕಳ ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪೇಪರು ಮಾತ್ರ ಹೇಳಿದ ದಿನವೇ ಬರುತ್ತದೆ.