ಅವಶೇಷಗಳಡಿಯ ಜೀವವನ್ನು ಹುಡುಕುವ ಮೂಗು

ದಾರಿ ತಪ್ಪಿದವರನ್ನು ಹುಡುಕಲು ನಾಯಿಯ ಮೂಗನ್ನು ನೆಚ್ಚುವ ಪದ್ಧತಿ ಹಳೆಯದು. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆಮಾರ್ಗದಲ್ಲಿ ಕ್ರೈಸ್ತ ಸನ್ಯಾಸಿಗಳು ಸಾಕಿದ ನಾಯಿಗಳು ಹಿಮದಲ್ಲಿ ಸಿಲುಕಿದ ಪ್ರಯಾಣಿಕರನ್ನು ಪತ್ತೆಹಚ್ಚುತ್ತಿದ್ದವು. ಆದರೆ ಕುಸಿದ ಕಟ್ಟಡಗಳ ಅವಶೇಷಗಳಲ್ಲಿ ನಾಯಿಗಳಿಂದ ಶೋಧ ನಡೆಸುವ ವ್ಯವಸ್ಥೆ ಬ್ರಿಟನ್ನಿನಲ್ಲಿ ರೂಪುಗೊಂಡದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅದಕ್ಕೆ ದಾರಿ ತೋರಿದ್ದು ಒಂದು ಬೀದಿನಾಯಿ.

1940ರಲ್ಲಿ ಲಂಡನ್ನಿನ ಮೇಲೆ ಜರ್ಮನ್ ಬಾಂಬ್ ದಾಳಿ ನಡೆಯುತ್ತಿದ್ದಾಗ, ಪಾಪ್ಲರ್ ಪ್ರದೇಶದ ವಾಯುದಾಳಿ ಕಾವಲುಗಾರರ ಆಶ್ರಯ ಪಡೆದ ರಿಪ್ ಎಂಬ ಮಿಶ್ರತಳಿಯ ನಾಯಿ ಯಾವ ತರಬೇತಿಯೂ ಇಲ್ಲದೆ ಮಣ್ಣು ಇಟ್ಟಿಗೆಗಳ ರಾಶಿಯನ್ನು ಮೂಸಿ, ಒಂದು ವರ್ಷದಲ್ಲಿ ನೂರಕ್ಕೂ ಹೆಚ್ಚು ಜನರ ಪತ್ತೆಗೆ ನೆರವಾಯಿತು. ಇದನ್ನು ಕಂಡ ಅಧಿಕಾರಿಗಳು ಯುದ್ಧದ ಕೊನೆಯ ವರ್ಷಗಳಲ್ಲಿ ನಾಯಿಗಳಿಗೆ ವ್ಯವಸ್ಥಿತ ತರಬೇತಿ ಕೊಡಿಸಿದರು. ಹೀಗೆ ಪಳಗಿದ ಅಲ್ಸೇಷಿಯನ್ ತಳಿಯ ಇರ್ಮಾ 191 ಮಂದಿಯನ್ನು ಪತ್ತೆಹಚ್ಚಿತು. ಅವರಲ್ಲಿ ಜೀವಂತವಾಗಿ ಸಿಕ್ಕವರು 21 ಮಂದಿ. 1943ರಲ್ಲಿ ಮರಿಯಾ ಡಿಕಿನ್ ಅವರು ಪ್ರಾಣಿಗಳ ಶೌರ್ಯಕ್ಕಾಗಿ ಸ್ಥಾಪಿಸಿದ ಡಿಕಿನ್ ಪದಕ ರಿಪ್ ಮತ್ತು ಇರ್ಮಾ ಎರಡಕ್ಕೂ 1945ರಲ್ಲಿ ಸಂದಿತು.

ಈ ವಿದ್ಯೆಯ ಆಧಾರವಿರುವುದು ಮನುಷ್ಯದೇಹದ ವಾಸನೆಯಲ್ಲಿ. ಚರ್ಮದಿಂದ ಸದಾ ಉದುರುವ ಸೂಕ್ಷ್ಮ ಕಣಗಳು, ಬೆವರು ಮತ್ತು ಉಸಿರಿನ ವಾಸನೆ ಅವಶೇಷಗಳ ಸಂದುಗಳಿಂದ ಹೊರಸೂಸಿ ಗಾಳಿಯಲ್ಲಿ ಹರಡುತ್ತವೆ. ನೆಲದ ಮೇಲಿನ ಹೆಜ್ಜೆಯ ಜಾಡು ಹಿಡಿಯುವ ಪೊಲೀಸ್ ನಾಯಿಯಂತಲ್ಲದೆ, ಶೋಧಕ ನಾಯಿ ಗಾಳಿಯಲ್ಲಿ ತೇಲಿಬರುವ ಈ ವಾಸನೆಯನ್ನೇ ಹಿಡಿದು, ಅದು ದಟ್ಟವಾಗುವ ಕಡೆಗೆ ಸರಿಯುತ್ತಾ ಹೋಗಿ, ಮೂಲ ಸಿಕ್ಕಲ್ಲಿ ನಿಂತು ಬೊಗಳುತ್ತದೆ.

ಭಾರತದಲ್ಲಿ 2006ರಲ್ಲಿ ಅಸ್ತಿತ್ವಕ್ಕೆ ಬಂದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯು ಶ್ವಾನಗಳನ್ನೂ ಬಳಸುತ್ತದೆ. 2023ರ ಫೆಬ್ರವರಿಯ ಭೂಕಂಪದ ನಂತರ ಟರ್ಕಿಗೆ ತೆರಳಿದ ಈ ಪಡೆಯ ಜೂಲಿ ಎಂಬ ನಾಯಿ ಬೊಗಳಿ ಸೂಚನೆ ಕೊಟ್ಟ ಜಾಗದಲ್ಲಿ ಆರು ವರ್ಷದ ಬಾಲಕಿಯೊಬ್ಬಳು ಜೀವಂತವಾಗಿ ಸಿಕ್ಕಳು.

ಕಾಲ ಸರಿದಂತೆ ಅವಶೇಷಗಳಡಿ ಸಿಕ್ಕವರು ಬದುಕುಳಿಯುವ ಸಾಧ್ಯತೆ ಕುಗ್ಗುತ್ತದೆಯಾದ್ದರಿಂದ, ನಾಯಿಯ ಮೂಗು ಎಷ್ಟೇ ಚುರುಕಾಗಿದ್ದರೂ ಅದು ಸ್ಥಳ ತಲಪುವ ವೇಗವೇ ನಿರ್ಣಾಯಕವಾಗುತ್ತದೆ. 2018ರಲ್ಲಿ ಕೊಡಗು, 2024ರಲ್ಲಿ ಉತ್ತರ ಕನ್ನಡದ ಶಿರೂರು ಭೂಕುಸಿತ ಕಂಡಿವೆ. ಪಶ್ಚಿಮ ಘಟ್ಟದ ಜಿಲ್ಲೆಗಳಲ್ಲಿ ಪ್ರತಿ ಮಳೆಗಾಲಕ್ಕೆ ಮುಂಚೆಯೇ ತರಬೇತಾದ ಶೋಧಕ ನಾಯಿಗಳು ಸನ್ನದ್ಧವಾಗಿರಬೇಕು.